ರಕ್ತದ ಸೋಡಿಯಂ ಸರಿಯಿದ್ದರೂ ಬಿಪಿ ಏಕೆ ಇಳಿಯುವುದಿಲ್ಲ?

ಪ್ರಶ್ನೆ: ನನಗೆ 41 ವರ್ಷ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬಂದಿಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಅಲ್ಡೋಸ್ಟೆರೋನ್ ಹೆಚ್ಚಾಗಿ ಮೈಯಲ್ಲಿ ಉಪ್ಪು ನಿಂತಿದೆ ಎನ್ನುತ್ತಾರೆ ವೈದ್ಯರು. ರಕ್ತದ ಸೋಡಿಯಂ ಮಾತ್ರ 141 ಇದೆ. ಸೋಡಿಯಂ ಎಂಆರ್‌ಐ ಮಾಡಿಸಲೇ? (ಜಯನಗರದ ಓದುಗರು)

ಉತ್ತರ: ಇದೇ ವರದಿ ಹಿಡಿದು ವಾದಕ್ಕಿಳಿಯುವವರು ಪದೇ ಪದೇ ಬರುತ್ತಾರೆ. ಆ ಸಂಖ್ಯೆ ರಕ್ತದ ನೀರಿನಲ್ಲಿ ಸೋಡಿಯಂ ಎಷ್ಟು ಸಾಂದ್ರವಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಮೈಯಲ್ಲಿರುವ ಒಟ್ಟು ಉಪ್ಪನ್ನಲ್ಲ. ಅಲ್ಡೋಸ್ಟೆರೋನ್ ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಟ್ಟಾಗ ನೀರೂ ಜೊತೆಗೆ ಉಳಿಯುವುದರಿಂದ ವರದಿ ಸಾಮಾನ್ಯವಾಗಿಯೇ ಕಾಣುತ್ತದೆ.

ಅಂಗಾಂಶದ ಉಪ್ಪನ್ನು ನೋಡುವ ಸೋಡಿಯಂ ಎಂಆರ್‌ಐ ಸುಳ್ಳಲ್ಲ. ಜರ್ಮನಿಯ ಯೆನ್ಸ್ ಟಿಟ್ಸೆ ಅವರ ತಂಡ 2012ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ, ಅಲ್ಡೋಸ್ಟೆರೋನ್ ಹೆಚ್ಚಾಗುವ ಈ ಕಾಯಿಲೆಯವರ ಮೀನಖಂಡದ ಸ್ನಾಯುವಿನಲ್ಲಿ ಸೋಡಿಯಂ ಹೆಚ್ಚಿರುವುದು ಕಂಡುಬಂದಿತ್ತು. ಕಾಲಿನ ಪಕ್ಕದಲ್ಲೇ 10, 20, 30, 40 ಮಿಲಿಮೋಲ್ ಸಾಂದ್ರತೆಯ ಉಪ್ಪುನೀರಿನ ಕೊಳವೆಗಳನ್ನಿಟ್ಟು, ಚಿತ್ರದಲ್ಲಿ ಅವುಗಳ ಹೊಳಪಿಗೆ ಸ್ನಾಯುವಿನ ಹೊಳಪನ್ನು ಹೋಲಿಸಿ ಅಳೆಯುತ್ತಾರೆ. ತೊಡಕು ಇರುವುದು ಮುಂದೆ. 3 ಟೆಸ್ಲಾ ಕಾಂತಬಲದ ಯಂತ್ರದಲ್ಲಿ ಜಲಜನಕದ ಸಂಕೇತ ಸುಮಾರು 128 ಮೆಗಾಹರ್ಟ್ಸ್‌ನಲ್ಲಿ, ಸೋಡಿಯಂನದು ಸುಮಾರು 34ರಲ್ಲಿ ಸಿಗುವುದರಿಂದ ಸಂಕೇತ ಹಿಡಿಯಲು ಬೇರೆಯೇ ಕಾಯಿಲ್ (ತಂತಿಸುರುಳಿ) ಬೇಕು. ಮೊಣಕಾಲಿಗೆ ಎಂಆರ್‌ಐ ಮಾಡುವ ನಿಮ್ಮ ಬಡಾವಣೆಯ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಕೇಳಿ ಪ್ರಯೋಜನವಿಲ್ಲ. ಸಂಕೇತ ಕ್ಷೀಣವಾದ್ದರಿಂದ ಚಿತ್ರದ ಒಂದೊಂದು ಬಿಂದುವೂ ಸುಮಾರು 3 ಮಿಲಿಮೀಟರ್ ಅಗಲ, ಚರ್ಮವೋ ಅದಕ್ಕಿಂತ ತೆಳು. ಹೀಗಾಗಿ ಚರ್ಮದ ಲೆಕ್ಕದಲ್ಲಿ ಅಕ್ಕಪಕ್ಕದ ಕೊಬ್ಬೂ ಬೆರೆತುಬಿಡುತ್ತದೆ. ಎಷ್ಟಿದ್ದರೆ ರೋಗ ಎಂಬ ಸರ್ವಸಮ್ಮತ ಗೆರೆಯಿಲ್ಲ, ಯಾವ ಅಡ್ರಿನಲ್ ಗ್ರಂಥಿ ಕೆಟ್ಟಿದೆ ಎಂಬುದೂ ಅದರಿಂದ ತಿಳಿಯುವುದಿಲ್ಲ. ಅದು ಸಂಶೋಧಕರ ಸಾಧನ.

ನಿಮಗೆ ಬೇಕಿರುವುದು ಅಲ್ಡೋಸ್ಟೆರೋನ್-ರೆನಿನ್ ಅನುಪಾತದ ರಕ್ತಪರೀಕ್ಷೆ (ರೆನಿನ್ ಎಂದರೆ ಅಲ್ಡೋಸ್ಟೆರೋನ್ ಸ್ರವಿಸಲು ಪ್ರಚೋದಿಸುವ, ಮೂತ್ರಪಿಂಡದ ಕಿಣ್ವ). ಅದು ಹೆಚ್ಚಿದ್ದರೆ ದೃಢೀಕರಣ ಪರೀಕ್ಷೆ, ಸಿಟಿ ಸ್ಕ್ಯಾನ್, ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ ಅಡ್ರಿನಲ್ ಅಭಿಧಮನಿಗಳ ರಕ್ತಪರೀಕ್ಷೆ. ಪರೀಕ್ಷೆಗೆ ಮೊದಲೇ ಹೆದರಿ ಉಪ್ಪು ಬಿಟ್ಟರೆ ರೆನಿನ್ ಏರಿ ಫಲಿತಾಂಶವೇ ದಾರಿತಪ್ಪಬಹುದು. ಮಾತ್ರೆಗಳನ್ನೂ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಪೊಟ್ಯಾಸಿಯಂ ಸರಿಯಿದ್ದರೆ ಹಾರ್ಮೋನ್ ತೊಂದರೆ ಇಲ್ಲವೆಂದೇ?

ಉತ್ತರ: ಅಲ್ಲ. ಅಲ್ಡೋಸ್ಟೆರೋನ್ ಹೆಚ್ಚಾದರೆ ಪೊಟ್ಯಾಸಿಯಂ ಇಳಿಯಬಹುದಾದರೂ ಈ ಕಾಯಿಲೆಯ ಬಹುಪಾಲು ಜನರಲ್ಲಿ ಅದು ಸರಿಯಾಗಿಯೇ ಇರುತ್ತದೆ.

ಪ್ರಶ್ನೆ: ಸೈಂಧವ ಲವಣ ಬಳಸಬಹುದೇ? ಬೆವರಿಳಿಸಿ ಉಪ್ಪು ತೆಗೆಸುವ ಚಿಕಿತ್ಸೆ?

ಉತ್ತರ: ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬೆವರಿಳಿಸುವವರು ಇಳಿಸುವುದು ನಿಮ್ಮ ಜೇಬಿನ ಭಾರವನ್ನು.

ಪ್ರಶ್ನೆ: ‘ಲೋ ಸೋಡಿಯಂ’ ಉಪ್ಪು?

ಉತ್ತರ: ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ಅದನ್ನು ಅಡುಗೆಮನೆಗೆ ತರಲೇಬಾರದು.