ಕೊಳ್ಳುವವರ ವಕೀಲರು ನಿಮ್ಮ ವಕೀಲರಲ್ಲ

ಪ್ರಶ್ನೆ: ಅಂತರಸನಹಳ್ಳಿಯಲ್ಲಿ ನಮ್ಮದೊಂದು ಬಿಡಿಭಾಗಗಳ ಕಾರ್ಖಾನೆ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ, ಷೇರೆಲ್ಲ ಅಪ್ಪ, ನಾನು, ತಮ್ಮನ ಹೆಸರಲ್ಲೇ. ಬೆಂಗಳೂರಿನವರೊಬ್ಬರು 51% ಕೊಳ್ಳಲು ಬಂದಿದ್ದಾರೆ, ಅವರ ಹಿಂದೆ ಸಿಂಗಾಪುರದ ಫಂಡ್ ಇದೆಯಂತೆ. ಎರಡು ಪುಟದ ಟರ್ಮ್ ಶೀಟ್ (ಮುಖ್ಯ ಷರತ್ತುಗಳ ಪಟ್ಟಿ) ಕಳಿಸಿ, ‘ನಮ್ಮ ಲಾ ಫರ್ಮೇ ಎಲ್ಲ ಕಾಗದ ಮಾಡುತ್ತೆ, ನೀವು ಸುಮ್ನೆ ಖರ್ಚು ಮಾಡ್ಕೋಬೇಡಿ’ ಅಂತಿದ್ದಾರೆ. ಅಪ್ಪನಿಗೂ ಅದೇ ಸರಿ ಅನ್ನಿಸಿದೆ. ನೀವೇನಂತೀರಿ?
ಓದುಗರು, ತುಮಕೂರು

ಉತ್ತರ: ಇದನ್ನು ಅಪ್ಪನವರಿಗೂ ಓದಿ ಹೇಳಿ. ಆ ಫರ್ಮ್‌ಗೆ ಫೀಸು ಕೊಡುವುದು ಕೊಳ್ಳುವವರು. ಹಾಗಾಗಿ ಅದು ಕಾಯುವುದೂ ಅವರ ಹಿತವನ್ನೇ. ಅದರಲ್ಲಿ ಮೋಸವೇನಿಲ್ಲ, ಅದೇ ಅವರ ಕೆಲಸ. ನಿಮ್ಮ ಕಡೆಯಿಂದಲೂ ಒಬ್ಬರು ಬೇಕು, ಅದೂ ಟರ್ಮ್ ಶೀಟ್‌ಗೆ ಸಹಿ ಹಾಕುವ ಮೊದಲೇ.

ದೊಡ್ಡ ಒಪ್ಪಂದ ಬರಲಿ, ಆಗ ನೋಡೋಣ ಅಂತ ಬಹಳ ಜನ ಕಾಯುತ್ತಾರೆ. ಟರ್ಮ್ ಶೀಟ್‌ನಲ್ಲಿ ಬೆಲೆ, ಪಾಲು ಇವೆಲ್ಲ ‘ಬದ್ಧವಲ್ಲ’ ಅಂತಲೇ ಸಾಮಾನ್ಯವಾಗಿ ಬರೆದಿರುತ್ತದೆ, ಆದರೆ ಇಷ್ಟು ತಿಂಗಳು ಬೇರೆ ಯಾರ ಜೊತೆಗೂ ಮಾತಾಡುವಂತಿಲ್ಲ, ವಿಷಯ ಹೊರಗೆ ಹೋಗುವಂತಿಲ್ಲ, ಖರ್ಚು ಇಂಥವರದ್ದು ಅನ್ನುವ ಸಾಲುಗಳು ಮಾತ್ರ ಗಟ್ಟಿಯಾಗಿ ಕಟ್ಟಿಹಾಕುತ್ತವೆ. ಒಮ್ಮೆ ಬರೆದ ಬೆಲೆಯನ್ನು ಆಮೇಲೆ ಏರಿಸುವುದೂ ಕಷ್ಟ. ಇಳಿಸುವುದಕ್ಕೆ ಡ್ಯೂ ಡಿಲಿಜೆನ್ಸ್ ಅಂತ ಒಂದು ಸಮಾರಂಭವೇ ಇದೆ.

ಅವರ ವಕೀಲರು, ಆಡಿಟರು ಬಂದು ನಿಮ್ಮ ಬೀರು ಪೂರ್ತಿ ಜಾಲಾಡುತ್ತಾರೆ. ಜಾಗದ ಪತ್ರ, ಪಿಎಫ್ ಚಲನ್, ಜಿಎಸ್‌ಟಿ ನೋಟಿಸು, ಮಾಲಿನ್ಯ ಮಂಡಳಿ ಅನುಮತಿ, ಹಳೇ ಷೇರು ಸರ್ಟಿಫಿಕೇಟು, ಯಾವುದನ್ನೂ ಬಿಡುವುದಿಲ್ಲ. ಸಿಕ್ಕ ಒಂದೊಂದು ಹುಳುಕಿಗೂ ಬೆಲೆ ಕಡಿತ ಕೇಳುತ್ತಾರೆ, ಇಲ್ಲವೇ ಇಂಡೆಮ್ನಿಟಿ, ಅಂದರೆ ಮುಂದೆ ನಷ್ಟವಾದರೆ ನೀವು ತುಂಬಿಕೊಡಬೇಕು. ಆ ಹೊಣೆಗೆ ಇಷ್ಟೇ ಮೊತ್ತ, ಇಷ್ಟೇ ವರ್ಷ ಅಂತ ಮಿತಿ ಹಾಕಿಸದೆ ಸಹಿ ಮಾಡಲೇಬೇಡಿ. ಜಾಗ ಕೆಐಎಡಿಬಿಯ (ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ಲೀಸ್ ಕಂ ಸೇಲ್, ಅಂದರೆ ಮೊದಲು ಗುತ್ತಿಗೆ ಆಮೇಲೆ ಕ್ರಯ, ಅನ್ನುವ ಪತ್ರದ ಮೇಲಿದ್ದರೆ ಆ ಪತ್ರವನ್ನೂ ತೆಗೆದು ಓದಿ, ಕಂಪನಿಯ ಹಿಡಿತ ಬದಲಾಗುವ ಮುನ್ನ ಮಂಡಳಿಯ ಒಪ್ಪಿಗೆ ಬೇಕು ಅನ್ನುವ ಷರತ್ತು ಅದರಲ್ಲಿರಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಬ್ಯಾಂಕಿನದು. ಕಂಪನಿ ಹೆಸರಲ್ಲಿ ಸಾಲವಿದ್ದರೆ ಅಪ್ಪ ಅದಕ್ಕೆ ವೈಯಕ್ತಿಕ ಜಾಮೀನು ಹಾಕಿರುತ್ತಾರೆ, ಮನೆ ಪತ್ರ ಇಟ್ಟಿದ್ದರೂ ಆಶ್ಚರ್ಯವಿಲ್ಲ. ಷೇರು ಮಾರಿದ ಮಾತ್ರಕ್ಕೆ ಆ ಜಾಮೀನು ಹೋಗಲ್ಲ. ಕಂಪನಿ ಅವರ ಕೈಲಿ, ಸಾಲ ಅಪ್ಪನ ತಲೆ ಮೇಲೆ! ಬ್ಯಾಂಕಿನಿಂದ ಬಿಡುಗಡೆ ಪತ್ರ ಬಂದ ಮೇಲೆಯೇ ಷೇರು ವರ್ಗಾವಣೆ ಅಂತ ಬರೆಸಿ. ಕೊಳ್ಳುವವರ ವಕೀಲರು ಇದನ್ನು ತಾವಾಗಿ ನೆನಪಿಸುವುದಿಲ್ಲ, ಅಲ್ವಾ?

ಇನ್ನು ನಿಮ್ಮಲ್ಲಿ ಉಳಿಯುವ 49%. ಕಂಪನಿಯ ಆರ್ಟಿಕಲ್ಸ್, ಅಂದರೆ ಅದರ ಒಳ ನಿಯಮಾವಳಿ, ಬದಲಿಸಲು ವಿಶೇಷ ನಿರ್ಣಯವಾಗಬೇಕು, ಅದಕ್ಕೆ ಮುಕ್ಕಾಲು ಪಾಲು ಮತ ಬೇಕು, ಹಾಗಾಗಿ ಅದನ್ನು ನೀವು ತಡೆಯಬಹುದು. ಆದರೆ ಬೋರ್ಡಿನಲ್ಲಿ ಅವರದೇ ಬಹುಮತವಾದರೆ ವರ್ಷಗಟ್ಟಲೆ ಡಿವಿಡೆಂಡ್ ಬರದೇ ಇರಬಹುದು. ಅವರು ಮಾರಿ ಹೊರಟಾಗ ನಿಮ್ಮ ಷೇರನ್ನೂ ಅದೇ ಬೆಲೆಗೆ ಮಾರುವ ಹಕ್ಕು ಕೇಳಿ, ಒಪ್ಪಂದದ ಜೊತೆಗೆ ಆರ್ಟಿಕಲ್ಸ್‌ನಲ್ಲೂ ಅದನ್ನು ಸೇರಿಸಿ. ಷೇರು ವರ್ಗಾವಣೆಯ ನಿರ್ಬಂಧ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಕಂಪನಿಗೆ ಅದು ಅನ್ವಯಿಸಲ್ಲ ಅಂತ ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಒಂದು ಕುಟುಂಬದ ಕಂಪನಿಯ ಜಗಳವೇ.

ಸಿಂಗಾಪುರದ ಫಂಡೇ ನೇರವಾಗಿ ಕೊಂಡರೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಬರುತ್ತದೆ. ಮೌಲ್ಯಮಾಪನಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಎಫ್‌ಸಿ-ಟಿಆರ್‌ಎಸ್ ಅನ್ನುವ, ಷೇರು ಮಾರಿದ ವರದಿಯ ಫಾರಂ 60 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಹೋಗಬೇಕು, ಆ ಹೊಣೆ ಮಾರಿದ ನಿಮ್ಮದು.

ಫೀಸಿನ ಮಾತು ಮೊದಲೇ ಮುಗಿಸಿ, ಒಟ್ಟು ಮೊತ್ತವೋ ಗಂಟೆ ಲೆಕ್ಕವೋ ಅಂತ. ‘ಡೀಲ್ ಆದರೆ ಇಷ್ಟು ಪರ್ಸೆಂಟ್’ ಅನ್ನುವ ವಕೀಲರು ಸಿಕ್ಕರೆ ದೂರ ಇರಿ, ಫಲಿತಾಂಶಕ್ಕೆ ಕಟ್ಟಿದ ಫೀಸನ್ನು ಬಾರ್ ಕೌನ್ಸಿಲ್ ಒಪ್ಪುವುದಿಲ್ಲ.

ಪ್ರಶ್ನೆ: ನರಸಾಪುರದ ವಿಸ್ಟ್ರಾನ್ ಕಾರ್ಖಾನೆ 2023ರಲ್ಲಿ ಟಾಟಾದವರಿಗೆ ಹೋಯಿತಲ್ಲ. ಹೀಗೆ ಕಂಪನಿ ಕೈ ಬದಲಾದರೆ ಕೆಲಸಗಾರರ ಗತಿ ಏನು?
ಓದುಗರು, ಕೋಲಾರ

ಉತ್ತರ: ಏನು ಮಾರಿದರು ಅನ್ನುವುದರ ಮೇಲೆ ಹೋಗುತ್ತದೆ. ಅಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡದ್ದು ಆ ಕಾರ್ಖಾನೆ ನಡೆಸುತ್ತಿದ್ದ ಕಂಪನಿಯ 100% ಷೇರನ್ನು, ಸುಮಾರು 12.5 ಕೋಟಿ ಡಾಲರಿಗೆ. ಷೇರು ಮಾರಿದಾಗ ಯಜಮಾನರು ಬದಲಾಗುತ್ತಾರೆ, ಕಂಪನಿ ಅದೇ ಇರುತ್ತದೆ. ಜಾಗ, ಲೈಸೆನ್ಸು, ನೌಕರರ ಹಳೇ ಸರ್ವಿಸು ಎಲ್ಲ ಅದರಲ್ಲೇ ಉಳಿಯುತ್ತದೆ. ಗುತ್ತಿಗೆ ಕೆಲಸಗಾರರ ಮಾತು ಬೇರೆ, ಅವರ ಆರ್ಡರ್ ಬರುವುದು ಕಂಟ್ರಾಕ್ಟರ್ ಹೆಸರಲ್ಲಿ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಆಟೊಮ್ಯಾಟಿಕ್ ರೀಲಿಂಗ್ ಮಿಷನ್ ಹಾಕಬೇಕು ಅಂತ ನಾವು ನಾಲ್ಕು ಜನ ಸೇರಿ ಕಂಪನಿ ಮಾಡಿದ್ದೇವೆ. ‘ಷೇರು ಕೊಡುತ್ತೇವೆ, ಇಲ್ಲವೇ ತಿಂಗಳಿಗೆ 2% ಕೊಡುತ್ತೇವೆ’ ಅಂತ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇವೆ. ತಪ್ಪಿದೆಯಾ?
ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಎರಡೂ ತಪ್ಪು. ಪ್ರೈವೇಟ್ ಕಂಪನಿ ಷೇರಿಗಾಗಿ ಊರನ್ನೆಲ್ಲ ಕರೆಯುವಂತಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಕಲಂ ಪ್ರಕಾರ ಇಂಥಿಂಥವರೇ ಅಂತ ಹೆಸರು ಗುರುತಿಸಿ ಅವರಿಗೆ ಮಾತ್ರ ಆಫರ್ ಪತ್ರ ಕೊಡಬೇಕು, ವರ್ಷಕ್ಕೆ 200 ಜನರ ಮಿತಿಯೊಳಗೆ. ಹಣ ಬ್ಯಾಂಕಿನ ಮೂಲಕವೇ ಬರಬೇಕು, ನಗದು ನಡೆಯಲ್ಲ. ಅದು ಬೇರೆ ಖಾತೆಯಲ್ಲಿರಬೇಕು, ಷೇರು ಹಂಚಿ ಅದರ ವರದಿಯಾದ ಪಿಎಎಸ್-3 ಫಾರಂ ಸಲ್ಲಿಸುವ ತನಕ ಮುಟ್ಟುವ ಹಾಗಿಲ್ಲ. 60 ದಿನದಲ್ಲಿ ಷೇರು ಕೊಡದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್, ಅದೂ ಆಗದಿದ್ದರೆ 12% ಬಡ್ಡಿ ಸಮೇತ.

ಆ 2% ಅಂತೂ ಇನ್ನೂ ಅಪಾಯ. ಅದು ಠೇವಣಿ ಎನಿಸಿಕೊಳ್ಳುತ್ತದೆ. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಲ್ಲಿ ಬರೀ ಕರೆದರೇ ಜೈಲು, ಪಡೆದರೆ 2ರಿಂದ 7 ವರ್ಷ. ಡೈರೆಕ್ಟರುಗಳು, ಅವರ ಸಂಬಂಧಿಕರು ಕೊಡುವ ಸಾಲಕ್ಕೆ ದಾರಿ ಇದೆ, ಆದರೆ ಇದು ತಮ್ಮದೇ ಹಣ, ಸಾಲ ತಂದದ್ದಲ್ಲ ಅಂತ ಅವರು ಬರೆದುಕೊಡಬೇಕು.

ಆ ಮೆಸೇಜನ್ನು ಇವತ್ತೇ ಅಳಿಸಿ. ಯಾರಿಂದಾದರೂ ಹಣ ಬಂದಿದ್ದರೆ ಖರ್ಚು ಮಾಡದೆ ಹಾಗೇ ಇಟ್ಟು, ಬ್ಯಾಂಕ್ ಪಾಸ್‌ಬುಕ್ ಹಿಡಿದು ಈ ವಾರವೇ ಕಂಪನಿ ಕಾನೂನು ಗೊತ್ತಿರುವ ವಕೀಲರನ್ನೋ ಕಂಪನಿ ಸೆಕ್ರೆಟರಿಯನ್ನೋ ನೋಡಿ.