ಬ್ಲ್ಯಾಕ್ ಫಂಗಸ್‌ಗೆ ಮೇಲ್ದವಡೆ ಅರ್ಧ ತೆಗೆದಿದ್ದಾರೆ, ಮೂರು ಇಂಪ್ಲಾಂಟ್ ಮೇಲೆ ಪ್ಲೇಟ್ ನಿಲ್ಲತ್ತಾ?

ನೀವು ಕೇಳಿರೋದು ಇಷ್ಟು: 2021ರಲ್ಲಿ ಕೋವಿಡ್ ಆದಮೇಲೆ ತಂದೆಯವರಿಗೆ ಫಂಗಸ್ ಬಂದು ಬಲಗಡೆ ಮೇಲ್ದವಡೆ, ಅಂಗುಳ ಎರಡೂ ತೆಗೆದಿದ್ದಾರೆ, ಮೇಲೆ ಹಲ್ಲೇ ಇಲ್ಲ, ಎಡಗಡೆ ಮೂರು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸೋ ಟೈಟಾನಿಯಂ ಸ್ಕ್ರೂ) ಹಾಕಿ ಅಬ್ಚುರೇಟರ್, ಅಂದ್ರೆ ಅಂಗುಳದ ತೂತು ಮುಚ್ಚೋ ಹಲ್ಲಿನ ಪ್ಲೇಟು, ಕೂರಿಸ್ತೀವಿ ಅಂತಿದ್ದಾರೆ, ಆ ಟೈಟಾನಿಯಂ ಮುರಿಯಲ್ವಾ ಅಂತ.

ನಾನು ಪ್ರಾಸ್ತೋಡಾಂಟಿಸ್ಟ್, ಅಂದ್ರೆ ಕೃತಕ ಹಲ್ಲು, ಪ್ಲೇಟು ಕೂರಿಸೋ ದಂತವೈದ್ಯ. ಟೈಟಾನಿಯಂ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅದು ಮುರಿಯೋದು ಅಪರೂಪ, ಕೈಕೊಡೋದು ಸಾಮಾನ್ಯವಾಗಿ ಸುತ್ತಲಿನ ಮೂಳೆ. ಟೈಟಾನಿಯಂ ಬಿಗಿತ ಸುಮಾರು 110 ಗಿಗಾಪಾಸ್ಕಲ್ (ಬಿಗಿತ ಅಳೆಯೋ ಮಾನ), ಗಟ್ಟಿ ಮೂಳೆದು 14ರ ಆಸುಪಾಸು, ಒಳಗಿನ ಸ್ಪಂಜಿನಂಥ ಮೂಳೆದು ಇನ್ನೂ ಎಷ್ಟೋ ಕಮ್ಮಿ. ಮೇಲ್ದವಡೇಲಿ ಈ ಸ್ಪಂಜಿನ ಮೂಳೆನೇ ಜಾಸ್ತಿ. ಹಾಗಾಗಿ ಒತ್ತಡ ಬಿದ್ದಾಗ ಇಂಪ್ಲಾಂಟ್ ಕತ್ತಿನ ಹತ್ರ, ಅದು ಮೂಳೆಯೊಳಗೆ ಇಳಿಯೋ ಜಾಗದಲ್ಲೇ ಸ್ಟ್ರೆಸ್ ಗುಂಪಾಗತ್ತೆ. ನಿಜವಾದ ಹಲ್ಲಿಗಾದ್ರೆ ಬೇರಿನ ಸುತ್ತ ತೆಳ್ಳಗಿನ ಲಿಗಮೆಂಟ್ ಇರತ್ತೆ, ಸ್ವಲ್ಪ ಅಲ್ಲಾಡಿ ಒತ್ತಡ ನುಂಗಿಕೊಳ್ಳತ್ತೆ, ಇಂಪ್ಲಾಂಟ್‌ಗೆ ಆ ಸೌಕರ್ಯ ಇಲ್ಲ.

ನಿಮ್ಮ ಕೇಸಲ್ಲಿ ಅಸಲಿ ತೊಂದರೆ ಬಲಗಡೆದು. ಅಲ್ಲಿ ಪ್ಲೇಟಿಗೆ ಆಸರೆನೇ ಇಲ್ಲ, ಕಂಬ ಇಲ್ಲದ ಸಜ್ಜಾ ತರ ಎಡಗಡೆಯಿಂದ ಚಾಚಿಕೊಂಡಿರತ್ತೆ. ಆ ಕಡೆ ಅಗಿದ್ರೆ ಪ್ಲೇಟು ಮೇಲಕ್ಕೆ, ದವಡೆ ತೆಗೆದ ಗುಳಿಯೊಳಗೆ ನುಗ್ಗತ್ತೆ, ಸುಮ್ನಿದ್ದಾಗ ಸ್ವಂತ ಭಾರಕ್ಕೆ ಕೆಳಗೆ ಜೋಲತ್ತೆ, ಅಂದ್ರೆ ಇಂಪ್ಲಾಂಟ್‌ಗಳಿಗೆ ದಿನಾ ಎರಡೂ ದಿಕ್ಕಿಗೆ ಜಗ್ಗಾಟ, ಅದ್ರಲ್ಲೂ ಗುಳಿಗೆ ಹತ್ರ ಇರೋದಕ್ಕೆ ಜಾಸ್ತಿ ಪೆಟ್ಟು. ಅದಕ್ಕೇ ಅಬ್ಚುರೇಟರ್‌ನ ಗುಳಿಗೆ ತುಂಬೋ ಭಾಗ ಒಳಗೆ ಪೊಳ್ಳಾಗಿ ಮಾಡ್ತೀವಿ, ಬಲಗಡೆ ಹಲ್ಲುಗಳು ಹಗುರವಾಗಿ ಮಾತ್ರ ತಾಗೋ ಹಾಗೆ ಜೋಡಿಸ್ತೀವಿ, ಆ ಕಡೆ ಅಗಿಬೇಡಿ ಅಂತ ಡಾಕ್ಟ್ರು ಹೇಳೋದೂ ಇದಕ್ಕೇ.

ಮೂರು ಸಾಕಾ ಅಂದ್ರೆ, ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ. ಮೂರೂ ಒಂದೇ ಗೆರೇಲಿದ್ರೆ ಪ್ಲೇಟು ಆ ಗೆರೆ ಸುತ್ತ ಆರಾಮಾಗಿ ತಿರುಗತ್ತೆ, ದವಡೆ ಬಾಗಿಗೆ ತಕ್ಕಂತೆ ಮುಂದೆ ಹಿಂದೆ ಹರಡಿದ್ರೆ ತಡೆಯತ್ತೆ. ಬಾರ್ (ಲೋಹದ ಸರಳು) ಹಾಕಿ ಮೂರನ್ನೂ ಕಟ್ಟಿದ್ರೆ ಭಾರ ಹಂಚಿಹೋಗತ್ತೆ ನಿಜ, ಆದ್ರೆ ಅದೇ ಬಾರನ್ನ ಗುಳಿ ಕಡೆ ಉದ್ದಕ್ಕೆ ಬೆಳೆಸಿದ್ರೆ ಇರೋ ಸಮಸ್ಯೆ ದೊಡ್ಡದಾಗತ್ತೆ. ಪ್ಲೇಟನ್ನ ಇಂಪ್ಲಾಂಟ್‌ಗೆ ಹಿಡಿಸೋದು ಮ್ಯಾಗ್ನೆಟ್ ಆದ್ರೆ ಅಡ್ಡ ಒತ್ತಡ ಬಂದಾಗ ಜಾರಿಕೊಳ್ಳತ್ತೆ, ಮೂಳೆಗೆ ಒಳ್ಳೇದು, ಹಿಡಿತ ಮಾತ್ರ ಕಮ್ಮಿ. ಬಲಗಡೆ ಕೆನ್ನೆ ಮೂಳೆ ಚೆನ್ನಾಗಿ ಉಳಿದಿದ್ರೆ ಅಲ್ಲಿಗೆ ಝೈಗೋಮ್ಯಾಟಿಕ್ ಇಂಪ್ಲಾಂಟ್ ಹಾಕಬಹುದಾ ಅಂತ ಖಂಡಿತ ಕೇಳಿ, ಅವು 30ರಿಂದ 50 ಮಿಲಿಮೀಟರ್ ತನಕ ಉದ್ದ ಇರ್ತವೆ, ನಡುಭಾಗಕ್ಕೆ ಮೂಳೆ ಆಸರೆ ಇಲ್ಲದೆ ಬಾಗೋದ್ರಿಂದ ಎಡಗಡೆಯವಕ್ಕೆ ಬಾರ್‌ನಿಂದ ಕಟ್ಟಲೇಬೇಕು. ನನ್ನ ಕೇಳಿದ್ರೆ ಎಡಗಡೆ ನಾಲ್ಕನೇದು ಹಾಕೋದಕ್ಕಿಂತ ಬಲಗಡೆ ಇದೊಂದು ಸಿಕ್ಕಿದ್ರೆ ಹೆಚ್ಚು ಲಾಭ.

ನೆಟ್ಟಲ್ಲಿ ಕಾಣೋ ಕೆಂಪು ನೀಲಿ ಬಣ್ಣದ ಕಂಪ್ಯೂಟರ್ ಚಿತ್ರಗಳು ಫೈನೈಟ್ ಎಲಿಮೆಂಟ್ ಲೆಕ್ಕದವು, ಅಂದ್ರೆ ದವಡೆಯನ್ನ ಸಣ್ಣ ಸಣ್ಣ ತುಂಡು ಮಾಡಿ ಒಂದೊಂದರ ಮೇಲೂ ಸ್ಟ್ರೆಸ್ ಎಷ್ಟು ಅಂತ ಕಂಪ್ಯೂಟರ್ ಲೆಕ್ಕ ಹಾಕೋದು. ಬಹಳಷ್ಟರಲ್ಲಿ ಮೂಳೆ ಎಲ್ಲಾ ಕಡೆ ಒಂದೇ ಸಮ, ಇಂಪ್ಲಾಂಟ್ ಪೂರ್ತಿ ಬೆಸೆದಿದೆ, ಒತ್ತಡ ಒಂದೇ ಸಲ ಬೀಳತ್ತೆ ಅಂತ ಊಹಿಸಿಕೊಂಡಿರ್ತಾರೆ. ಸ್ಟ್ರೆಸ್ ಎಲ್ಲಿ ಗುಂಪಾಗತ್ತೆ ಅನ್ನೋದಕ್ಕೆ ನಂಬಬಹುದು, ಇಷ್ಟು ವರ್ಷ ಬಾಳಿಕೆ ಬರತ್ತೆ ಅನ್ನೋದಕ್ಕೆ ಅಲ್ಲ.

ಕ್ಯಾನ್ಸರ್‌ಗೆ ದವಡೆ ತೆಗೆಸಿಕೊಂಡ ಪೇಶೆಂಟ್‌ಗಳಲ್ಲಿ ಎಷ್ಟೋ ಜನಕ್ಕೆ ರೇಡಿಯೇಷನ್ ಆಗಿರತ್ತೆ, ಮೂಳೆಗೆ ರಕ್ತ ಓಡಾಟ ಕಮ್ಮಿ ಆಗಿರತ್ತೆ, ನಿಮ್ಮ ತಂದೆಗೆ ಅದಿಲ್ಲ, ಅದೊಂದು ಅನುಕೂಲ. ಶುಗರ್ ಇದ್ರೆ ಹಿಡಿತದಲ್ಲಿರಬೇಕು, ಉಳಿದ ಮೂಳೇಲಿ ಫಂಗಸ್ ಇಲ್ಲ ಅಂತ ಹೊಸ ಸಿಟಿ ಸ್ಕ್ಯಾನ್‌ನಲ್ಲಿ ಖಾತ್ರಿ ಮಾಡ್ಕೊಳ್ಳಿ. ಹಾಕಿಸಿದ ಮೇಲೆ ಪ್ಲೇಟನ್ನ ಹಿಡಿಯೋ ಕ್ಲಿಪ್ ಸವೆಯತ್ತೆ, ಸ್ಕ್ರೂ ಸಡಿಲ ಆಗತ್ತೆ, ಇವು ಮಾಮೂಲಿ ರಿಪೇರಿ. ಪ್ಲೇಟು ಕುಲುಕ್ತಿದೆ ಅನಿಸಿದ ದಿನಾನೇ ತೋರಿಸಿ.