ಬಲಗೈ ಹುಡುಗ ಎಡಗೈ ಬ್ಯಾಟಿಂಗ್ ಮಾಡಿದರೆ ತಿದ್ದಬೇಕಾ?

ಒಂಬತ್ತು ವರ್ಷದ ಮಗ ಬರೆಯೋದು, ಎಸೆಯೋದು ಎಲ್ಲಾ ಬಲಗೈಯಲ್ಲಿ, ಬ್ಯಾಟ್ ಹಿಡಿದರೆ ಮಾತ್ರ ಎಡಗೈಯವರ ಥರ ನಿಲ್ಲುತ್ತಾನೆ, ತಿದ್ದಬೇಕಾ ಅಂತ ಕೇಳಿದ್ದೀರಿ. ಬೇಡ, ಹಾಗೇ ಬಿಡಿ.

ಗೊಂದಲಕ್ಕೆ ಕಾರಣ ಹೆಸರು. 'ಎಡಗೈ ಬ್ಯಾಟ್ಸ್‌ಮನ್' ಅನ್ನೋದು ಹಿಡಿಯಲ್ಲಿ ಕೆಳಗಿರುವ ಕೈ ನೋಡಿ ಇಟ್ಟದ್ದು. ಡ್ರೈವ್, ಡಿಫೆನ್ಸ್‌ನಂಥ ನೇರ ಬ್ಯಾಟಿನ ಹೊಡೆತಗಳಲ್ಲಿ ಬ್ಯಾಟಿಗೆ ದಾರಿ ತೋರಿಸೋದು ಮೇಲಿನ ಕೈ. ನಿಮ್ಮ ಹುಡುಗನ ಬಲವಾದ ಕೈ ಅಲ್ಲೇ ಇದೆ. ಗಂಗೂಲಿ, ಹೇಡನ್ ಹೀಗೇ ಆಡಿದವರು. ನಮ್ಮ ದೇವದತ್ ಪಡಿಕ್ಕಲ್ ಕೂಡ ಬ್ಯಾಟಿಂಗ್ ಎಡಗೈ, ಬೌಲಿಂಗ್ ಬಲಗೈ. ತೆಂಡೂಲ್ಕರ್ ಇದಕ್ಕೆ ಉಲ್ಟಾ: ಬರೆಯೋದು ಎಡಗೈಯಲ್ಲಿ, ಬ್ಯಾಟ್ ಮಾಡಿದ್ದು ಬಲಗೈಯವರ ಥರ. ಹಾಗಂತ ಸಹಜವಾಗಿ ಬಲಗೈ ಆಡುವ ಮಗುವನ್ನು ಎಡಕ್ಕೆ ತಿರುಗಿಸೋದೂ ಬೇಡ.

ನೋಡಬೇಕಾದ್ದು ಹಿಡಿತ. ಬ್ಯಾಟನ್ನು ಮುಖ ಕೆಳಗಾಗಿ, ಹಿಡಿ ಅವನ ಕಡೆ ಬರುವಂತೆ ನೆಲದ ಮೇಲಿಡಿ. ಕೊಡಲಿ ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಲಿ. ಬಲಗೈ ಮೇಲೆ, ಎಡಗೈ ಅದಕ್ಕೆ ತಾಗಿ ಕೆಳಗೆ. ಎರಡೂ ಕೈಗಳ ಹೆಬ್ಬೆರಳು-ತೋರುಬೆರಳ ನಡುವಿನ 'ವಿ' ಒಂದೇ ಸಾಲಿನಲ್ಲಿ, ಬ್ಯಾಟಿನ ಬೆನ್ನೇಣು (ಹಿಂಭಾಗದ ನಡುವಿನ ಉಬ್ಬು) ಮತ್ತು ಹೊರ ಅಂಚಿನ ನಡುವೆ ಬರಬೇಕು. ಕೆಳಗಿನ ಕೈಯಲ್ಲಿ ಹೆಬ್ಬೆರಳು, ತೋರುಬೆರಳು ಹಿಡಿದರೆ ಸಾಕು, ಅಂಗೈ ಸಡಿಲವಾಗಿರಲಿ. ಅದು ಬಿಗಿಯಾದರೆ ಬ್ಯಾಟಿನ ಮುಖ ಬೇಗ ಮುಚ್ಚುತ್ತದೆ, ಲೀಡಿಂಗ್ ಎಡ್ಜ್ (ಮುಂದಕ್ಕೆ ತಿರುಗಿದ ಅಂಚು) ತಗುಲಿ ಚೆಂಡು ಮೇಲೇಳುತ್ತದೆ. ಎಷ್ಟೋ ಸಲ ಇದಕ್ಕೆ ಕಾರಣ ಭಾರದ ಬ್ಯಾಟು. 'ದೊಡ್ಡವನಾದ ಮೇಲೂ ಆಗುತ್ತೆ' ಅಂತ ಒಂದು ಸೈಜ್ ಹೆಚ್ಚು ತರಬೇಡಿ.

ಅಭ್ಯಾಸಕ್ಕೆ: ಆರೇಳು ಮೀಟರ್ ದೂರದಿಂದ ಟೆನಿಸ್ ಬಾಲ್ ಅಂಡರ್‌ಆರ್ಮ್ ಎಸೆಯಿರಿ, ಬಲಗೈ ಒಂದರಲ್ಲೇ ಹಿಡಿ ತುಸು ಕೆಳಗೆ ಹಿಡಿದು ಹತ್ತು ಡ್ರೈವ್ ಮಾಡಲಿ. ಮೊಣಕೈ ಕುಸಿದರೆ ನಿಲ್ಲಿಸಿ, ಕೈ ಸೋತಿದೆ ಅಂತ ಅರ್ಥ. ಪುಲ್ ಹೊಡೆತಕ್ಕೆ (ಪುಟಿದೆದ್ದ ಚೆಂಡಿಗೆ ಅಡ್ಡ ಬ್ಯಾಟಿನ ಹೊಡೆತ) ಮೊದಮೊದಲು ಜೋರು ಕಮ್ಮಿ ಅನ್ನಿಸಬಹುದು, ಅಲ್ಲಿ ಕೆಳಗಿನ ಕೈಗೆ ಕೆಲಸ ಜಾಸ್ತಿ. ಅದು ವಯಸ್ಸಿನ ಜತೆ ಬರುತ್ತೆ.

ಅಂಗಡಿಯಲ್ಲಿ ಗ್ಲೌಸ್, ಥೈ ಪ್ಯಾಡ್ ಎರಡೂ ಎಡಗೈ ಬ್ಯಾಟಿಂಗ್‌ನವೇ ಕೇಳಿ. ಥೈ ಪ್ಯಾಡ್ ಅವನಿಗೆ ಬಲತೊಡೆಗೆ ಬರಬೇಕು.